ಬಡ್ಡಿಗೆ ಬೇರೆ ಹೆಸರಿಟ್ಟವರು: ಮಧ್ಯಯುಗದ ಯುರೋಪಿನ ಸಾಲ ಮತ್ತು ಬ್ಯಾಂಕು

2013ರ ಸೆಪ್ಟೆಂಬರಿನಲ್ಲಿ ಭಾರತೀಯ ರಿಸರ್ವ್ ಬ್ಯಾಂಕು ದೇಶದ ಬ್ಯಾಂಕುಗಳಿಗೆ ಸುತ್ತೋಲೆ ಹೊರಡಿಸಿ, ಕ್ರೆಡಿಟ್ ಕಾರ್ಡಿನ ಕಂತುಗಳ ಮೇಲೆ ‘ಶೂನ್ಯ ಬಡ್ಡಿ’ಯ ಆಮಿಷ ಒಡ್ಡುವುದನ್ನು ಬಿಡಬೇಕೆಂದು ತಾಕೀತು ಮಾಡಿತು. ಇಂಥ ಯೋಜನೆಗಳಲ್ಲಿ ಬಡ್ಡಿ ಇಲ್ಲದೆ ಇರುವುದಿಲ್ಲ, ಅದು ಸಂಸ್ಕರಣಾ ಶುಲ್ಕದ ವೇಷ ಹಾಕಿಕೊಂಡು ಗ್ರಾಹಕನ ತಲೆಗೇ ಬರುತ್ತದೆ ಎಂಬುದು ಅದರ ಆಕ್ಷೇಪವಾಗಿತ್ತು. ಮುಂದೆ ಅದೇ ಬಗೆಯ ಸರಕು ‘ನೋ ಕಾಸ್ಟ್ ಇಎಂಐ’ ಎಂಬ ಹೆಸರು ಹೊತ್ತು ಅಂಗಡಿ, ಆ್ಯಪುಗಳಲ್ಲೆಲ್ಲ ಕಾಣಿಸಿಕೊಂಡಿತು. 2024ರ ಅಕ್ಟೋಬರ್ 1ರಿಂದ, ವೈಯಕ್ತಿಕ ಸಾಲ ಹಾಗೂ ಸಣ್ಣ ಉದ್ದಿಮೆಗಳ ಸಾಲ ಕೊಡುವ ಬ್ಯಾಂಕುಗಳೂ ಹಣಕಾಸು ಸಂಸ್ಥೆಗಳೂ ಬಡ್ಡಿ, ಶುಲ್ಕ, ವಿಮೆ ಮೊದಲಾದ ಎಲ್ಲ ವೆಚ್ಚಗಳನ್ನು ಕೂಡಿಸಿ, ವರ್ಷಕ್ಕೆ ಶೇಕಡಾ ಇಷ್ಟು ಎಂಬ ಒಂದೇ ಅಂಕಿಯನ್ನು ಸಾಲಗಾರನ ಮುಂದಿಡಬೇಕೆಂಬ ನಿಯಮ ಜಾರಿಗೆ ಬಂದಿದೆ.

ಸಾಲದ ಬೆಲೆಯನ್ನು ಬೇರೊಂದು ಹೆಸರಿನ ಹಿಂದೆ ಅಡಗಿಸುವುದು ಜಾಹೀರಾತು ಕಂಪನಿಗಳು ಕಂಡುಹಿಡಿದ ಉಪಾಯವಲ್ಲ. ಹನ್ನೆರಡನೇ ಶತಮಾನದಿಂದ ಹದಿನಾರನೇ ಶತಮಾನದವರೆಗೆ ಪಶ್ಚಿಮ ಯುರೋಪಿನಲ್ಲಿ ಅದು ಒಂದು ಇಡೀ ಉದ್ಯಮದ ಬುನಾದಿಯಾಗಿತ್ತು. ಬಡ್ಡಿ ಪಾಪವೆಂದು ಸಾರಿದ ಸಮಾಜದಲ್ಲಿಯೇ ಬ್ಯಾಂಕು ಹುಟ್ಟಿತು ಎಂಬುದನ್ನು ಸಾಮಾನ್ಯವಾಗಿ ಒಂದು ವಿಪರ್ಯಾಸವೆಂಬಂತೆ ಹೇಳುತ್ತಾರೆ. ನನಗೆ ಅದು ವಿಪರ್ಯಾಸವೆಂದು ಅನಿಸುವುದಿಲ್ಲ. ನಿಷೇಧವು ಬಡ್ಡಿಯನ್ನು ಅಳಿಸಲಿಲ್ಲ. ಅದು ಸಾಲ ಕೊಡುವವರನ್ನು ಎರಡು ಪಂಗಡವಾಗಿ ಒಡೆಯಿತು. ಬಡ್ಡಿಯನ್ನು ಕಾಣದಂತೆ ಮಾಡಬಲ್ಲ ಬಂಡವಾಳ, ವಿದ್ಯೆ ಮತ್ತು ಊರೂರಿನ ಸಂಪರ್ಕ ಇದ್ದವರು ಬ್ಯಾಂಕರುಗಳಾದರು. ಅವು ಇಲ್ಲದವರು ಲೇವಾದೇವಿಗಾರರಾಗಿಯೇ, ಎಂದರೆ ಪಾಪಿಗಳಾಗಿಯೇ ಉಳಿದರು.

ನಿಷೇಧದ ಮಾತು ಮೊದಲು. ಪ್ರತಿಫಲ ಬಯಸದೆ ಸಾಲ ಕೊಡಿರಿ ಎಂಬ ಲೂಕನ ಸುವಾರ್ತೆಯ ಮಾತೂ, ಹಣ ಮರಿ ಹಾಕುವ ವಸ್ತುವಲ್ಲ ಎಂಬ ಅರಿಸ್ಟಾಟಲನ ವಾದವೂ ಇದಕ್ಕೆ ಆಧಾರವಾದವು. 1179ರಲ್ಲಿ ಕೂಡಿದ ಚರ್ಚಿನ ಮೂರನೇ ಲ್ಯಾಟರನ್ ಮಹಾಸಭೆಯು ಬಡ್ಡಿ ವ್ಯವಹಾರ ಮಾಡುವವರೆಂದು ಬಹಿರಂಗವಾಗಿ ಗೊತ್ತಿರುವವರಿಗೆ ಪ್ರಭುಭೋಜನವನ್ನೂ, ಸತ್ತಾಗ ಕ್ರೈಸ್ತ ವಿಧಿಯ ಸಮಾಧಿಯನ್ನೂ ನಿರಾಕರಿಸಿತು. 1311–12ರ ವಿಯೆನ್ ಮಹಾಸಭೆ ಇನ್ನೂ ಮುಂದೆ ಹೋಗಿ, ಬಡ್ಡಿ ಪಾಪವಲ್ಲವೆಂದು ಹಟ ಹಿಡಿದು ವಾದಿಸುವವರನ್ನು ಪಾಷಂಡಿಗಳೆಂದು ಪರಿಗಣಿಸಬೇಕೆಂದಿತು. ಇಲ್ಲಿ ಬಡ್ಡಿ ಎಂದರೆ ದುಬಾರಿ ಬಡ್ಡಿ ಮಾತ್ರ ಎಂದು ಭಾವಿಸಬಾರದು. ಕೊಟ್ಟ ಅಸಲಿಗಿಂತ ಒಂದು ಕಾಸು ಹೆಚ್ಚು ಕೇಳಿದರೂ ಅದು ಲ್ಯಾಟಿನ್ನಿನಲ್ಲಿ ‘ಉಸುರ’, ಎಂದರೆ ನಿಷಿದ್ಧ ಬಡ್ಡಿ. ಆದರೆ 1179ರ ಆಜ್ಞೆಯಲ್ಲಿನ ‘ಬಹಿರಂಗವಾಗಿ’ ಎಂಬ ಒಂದು ಷರತ್ತನ್ನು ಗಮನಿಸಬೇಕು. ಗುಟ್ಟಾಗಿ ಬಡ್ಡಿ ತಿನ್ನುವವನ ವಿಚಾರಣೆ ಅವನಿಗೂ ಅವನ ಪಾಪನಿವೇದನೆ ಕೇಳುವ ಪಾದ್ರಿಗೂ ಬಿಟ್ಟ ವಿಷಯವಾಗಿತ್ತು.

ಧರ್ಮಶಾಸ್ತ್ರಿಗಳೇ ಒಂದು ಸಣ್ಣ ಬಾಗಿಲನ್ನೂ ತೆರೆದಿಟ್ಟಿದ್ದರು. ಸಾಲಗಾರ ವಾಯಿದೆ ಮೀರಿದ್ದರಿಂದ ಕೊಟ್ಟವನಿಗೆ ನಷ್ಟವಾಗಿದ್ದರೆ, ಆ ನಷ್ಟವನ್ನು ತುಂಬಿಸಿಕೊಳ್ಳುವುದು ಬಡ್ಡಿಯಲ್ಲ, ಪರಿಹಾರ. ನಷ್ಟವಾಗುವ ಮುಂಚಿನ ಸ್ಥಿತಿಗೂ ನಂತರದ ಸ್ಥಿತಿಗೂ ನಡುವಿನ ಅಂತರವನ್ನು ಲ್ಯಾಟಿನ್ನಿನಲ್ಲಿ ‘ಇಂಟರೆಸ್ಸೆ’ ಎಂದು ಕರೆದರು. ಇಂದು ನಾವು ಯಾವ ಸಂಕೋಚವೂ ಇಲ್ಲದೆ ಬಳಸುವ ‘ಇಂಟರೆಸ್ಟ್’ ಎಂಬ ಪದ ಬಂದಿರುವುದು ಅಲ್ಲಿಂದ; ಬಡ್ಡಿಯಲ್ಲ ಎಂದು ಸಾಧಿಸಲು ಹುಟ್ಟಿದ ಪದವೇ ಕೊನೆಗೆ ಬಡ್ಡಿಯ ಹೆಸರಾಯಿತು. ಸಾಲಪತ್ರದಲ್ಲಿ ಬೇಕೆಂದೇ ತೀರಾ ಹತ್ತಿರದ ವಾಯಿದೆ ಬರೆಸಿ, ಅದು ಮೀರಿದ ಮೇಲೆ ದಂಡ ವಸೂಲು ಮಾಡುವ ಪದ್ಧತಿ ಬೆಳೆಯಲು ಇಷ್ಟು ಸಾಕಾಗಿತ್ತು.

ಹಣ ಹೂಡುವ ಮಾರ್ಗಗಳು ಬೇರೆಯೂ ಇದ್ದವು. ಹನ್ನೆರಡನೇ ಶತಮಾನದ ಜಿನೋವಾದಲ್ಲಿ ಮನೆಯಲ್ಲೇ ಕುಳಿತ ಹಣವಂತ ಬಂಡವಾಳವನ್ನೆಲ್ಲ ಕೊಟ್ಟು, ಹಡಗು ಹತ್ತಿ ಹೋಗುವವನು ಶ್ರಮ ಹಾಕಿ, ಬಂದ ಲಾಭದಲ್ಲಿ ಮುಕ್ಕಾಲು ಪಾಲು ಮೊದಲನೆಯವನಿಗೂ ಕಾಲು ಪಾಲು ಎರಡನೆಯವನಿಗೂ ಸಲ್ಲುವ ‘ಕಮೆಂಡಾ’ ಒಪ್ಪಂದ ಸಾಮಾನ್ಯವಾಗಿತ್ತು. ಹಡಗು ಮುಳುಗಿದರೆ ಬಂಡವಾಳವೂ ಮುಳುಗುತ್ತಿತ್ತು; ಆದ್ದರಿಂದ ಇದು ಸಾಲವಲ್ಲ, ಪಾಲುದಾರಿಕೆ ಎಂದು ಚರ್ಚು ಒಪ್ಪಿತು. ಹಡಗು ಸುರಕ್ಷಿತವಾಗಿ ತಲುಪಿದರೆ ಇಷ್ಟು ಹೆಚ್ಚು ಕೊಡಬೇಕೆಂದು ಮೊದಲೇ ಗೊತ್ತುಮಾಡುವ ಕಡಲ ಸಾಲವನ್ನು ಮಾತ್ರ ಪೋಪ್ ಒಂಬತ್ತನೇ ಗ್ರೆಗರಿ ಬಡ್ಡಿಯೆಂದೇ ತೀರ್ಮಾನಿಸಿದ. ಇಂಗ್ಲೆಂಡಿನಲ್ಲಿ ಇಟಲಿಯ ಕಂಪನಿಗಳು ಸಿಸ್ಟರ್ಷಿಯನ್ ಮಠಗಳಿಗೆ ಮುಂಗಡ ಕೊಟ್ಟು, ಮುಂದಿನ ಹಲವು ವರ್ಷಗಳ ಕುರಿ ಉಣ್ಣೆಯನ್ನು ಈಗಲೇ ಬೆಲೆ ಗೊತ್ತುಮಾಡಿ ಕೊಳ್ಳುತ್ತಿದ್ದವು. ಆ ಬೆಲೆ ಎಷ್ಟು ಕಡಿಮೆಯಾಗುತ್ತಿತ್ತೋ ಅಷ್ಟರಲ್ಲಿ ಬಡ್ಡಿ ಅಡಗಿರುತ್ತಿತ್ತು. ಫಸಲಿನ ಮೇಲೆ ಮಂಡಿಯಿಂದ ಮುಂಗಡ ತಂದ ಅಡಕೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಬ್ಯಾಂಕನ್ನು ಬ್ಯಾಂಕಾಗಿ ಮಾಡಿದ್ದು ವಿನಿಮಯ ಪತ್ರ, ಎಂದರೆ ಒಂದೂರಿನಲ್ಲಿ ಪಡೆದ ಹಣವನ್ನು ಇನ್ನೊಂದೂರಿನಲ್ಲಿ ಅಲ್ಲಿನ ನಾಣ್ಯದಲ್ಲಿ ಸಲ್ಲಿಸಬೇಕೆಂಬ ಚೀಟಿ. ಅದು ನಮ್ಮ ವರ್ತಕರ ಹುಂಡಿ ಚೀಟಿಯ ದೂರದ ದಾಯಾದಿಯಂತಿದೆ. ನೋಡಲು ಅದು ಅಂಗೈ ಅಗಲದ ಕಾಗದದ ಚೂರು. ದೇವರ ಹೆಸರು, ತಾರೀಖು, ‘ಈ ಮೊದಲ ಪತ್ರಕ್ಕೆ ವಾಡಿಕೆಯ ವಾಯಿದೆಯಂತೆ ಇಂಥವರಿಗೆ ಇಷ್ಟು ಹಣ ಕೊಡಿರಿ, ಅದನ್ನು ನಮ್ಮ ಖಾತೆಗೆ ಹಾಕಿಕೊಳ್ಳಿರಿ’ ಎಂಬ ಅರ್ಥದ ಎರಡು ಮೂರು ಸಾಲು, ಕ್ರಿಸ್ತ ನಿಮ್ಮನ್ನು ಕಾಪಾಡಲಿ ಎಂಬ ಹಾರೈಕೆ, ಅಷ್ಟೆ. ನೋಟರಿಯಿಲ್ಲ, ಸಾಕ್ಷಿಯಿಲ್ಲ. ಬರೆದವನ ಕೈಬರಹವೇ ಅದರ ಮುದ್ರೆ. ಹೊರ ಊರಿನ ಶಾಖೆಗಳಲ್ಲಿ ಯಜಮಾನರ ಕೈಬರಹದ ಮಾದರಿಗಳನ್ನು ಇಟ್ಟುಕೊಂಡಿದ್ದು ತಾಳೆ ನೋಡುತ್ತಿದ್ದರು. ದಾರಿಯಲ್ಲಿ ಕಳೆದುಹೋದೀತೆಂದು ಎರಡನೆಯ, ಮೂರನೆಯ ಪ್ರತಿಗಳನ್ನು ಬೇರೆ ಅಂಚೆಯವರ ಕೈಯಲ್ಲಿ ಕಳಿಸುವುದೂ ಇತ್ತು. ಟಸ್ಕನಿಯ ಪ್ರಾಟೊ ಊರಿನ ವರ್ತಕ ಫ್ರಾನ್ಚೆಸ್ಕೊ ದಾತಿನಿ 1410ರಲ್ಲಿ ತೀರಿಕೊಂಡಾಗ ಬಿಟ್ಟುಹೋದ ಸುಮಾರು 1,50,000 ಕಾಗದಪತ್ರಗಳ ಮತ್ತು ಐನೂರಕ್ಕೂ ಹೆಚ್ಚು ಲೆಕ್ಕದ ಪುಸ್ತಕಗಳ ರಾಶಿಯಲ್ಲಿ ಇಂಥ ಪತ್ರಗಳು ಸಾವಿರಗಟ್ಟಲೆ ಉಳಿದುಬಂದಿವೆ.

ಇದರಲ್ಲಿ ಬಡ್ಡಿ ಎಲ್ಲಿತ್ತು ಎಂಬುದಕ್ಕೆ ಒಂದು ಲೆಕ್ಕ ನೋಡೋಣ; ಅಂಕಿಗಳು ಉದಾಹರಣೆಗಾಗಿ ಮಾತ್ರ. ವೆನಿಸ್‌ನ ಬ್ಯಾಂಕರ್ ಒಬ್ಬ ಅಲ್ಲಿನ ವರ್ತಕನಿಗೆ 1,000 ಡುಕಾಟು (ವೆನಿಸ್‌ನ ಚಿನ್ನದ ನಾಣ್ಯ) ಕೊಡುತ್ತಾನೆ. ಡುಕಾಟಿಗೆ 47 ಪೆನ್ಸಿನ ದರದಲ್ಲಿ, ಮೂರು ತಿಂಗಳ ನಂತರ ಲಂಡನ್ನಿನಲ್ಲಿ 47,000 ಪೆನ್ಸ್ ಸಲ್ಲಿಸುವಂತೆ ಆ ವರ್ತಕ ಪತ್ರ ಬರೆದುಕೊಡುತ್ತಾನೆ. ಲಂಡನ್ನಿನಲ್ಲಿ ಬ್ಯಾಂಕರನ ಪ್ರತಿನಿಧಿ ಆ ಹಣ ಪಡೆದು, ಅದನ್ನು ವೆನಿಸ್‌ಗೆ ಮರಳಿಸಬೇಕೆಂದು ಅಲ್ಲಿ ಇನ್ನೊಂದು ಪತ್ರ ಕೊಳ್ಳುತ್ತಾನೆ. ಆದರೆ ಲಂಡನ್ನಿನಲ್ಲಿ ಡುಕಾಟಿನ ದರ 44 ಪೆನ್ಸ್. ಇನ್ನು ಮೂರು ತಿಂಗಳು ಕಳೆದು ವೆನಿಸ್‌ನಲ್ಲಿ ಬ್ಯಾಂಕರನ ಕೈಗೆ ಬರುವುದು ಸುಮಾರು 1,068 ಡುಕಾಟು. ಆರು ತಿಂಗಳಿಗೆ ಶೇ 6.8, ವರ್ಷದ ಲೆಕ್ಕದಲ್ಲಿ ಶೇ 13ಕ್ಕೂ ಮೇಲೆ. ಎಲ್ಲಿಯೂ ಯಾರೂ ಬಡ್ಡಿ ಎಂಬ ಪದವನ್ನು ಬರೆದಿಲ್ಲ. ನಡೆದದ್ದು ಎರಡು ನಾಣ್ಯ ವಿನಿಮಯಗಳು ಮಾತ್ರ.

ಎರಡು ಊರಿನ ದರಗಳಲ್ಲಿ ಈ ವ್ಯತ್ಯಾಸ ಯಾಕೆ ಇರುತ್ತಿತ್ತು ಎಂದು ಕೇಳಿದರೆ ಗುಟ್ಟು ಹೊರಬೀಳುತ್ತದೆ. ವೆನಿಸ್‌ನಲ್ಲಿ ಮಾರುತ್ತಿದ್ದುದು ಇಂದಿನ ಡುಕಾಟು, ಕೊಳ್ಳುತ್ತಿದ್ದುದು ಮೂರು ತಿಂಗಳ ನಂತರದ ಪೆನ್ಸ್. ಕಾಯುವವನಿಗೆ ಪೆನ್ಸ್ ಹೆಚ್ಚು ಸಿಗಲೇಬೇಕು. ಲಂಡನ್ನಿನಲ್ಲಿ ಮಾರುತ್ತಿದ್ದುದು ಇಂದಿನ ಪೆನ್ಸ್, ಕೊಳ್ಳುತ್ತಿದ್ದುದು ಮೂರು ತಿಂಗಳ ನಂತರದ ಡುಕಾಟು. ಕಾಯಬೇಕಾದ ಡುಕಾಟಿಗೆ ಅಲ್ಲಿ ಕಡಿಮೆ ಪೆನ್ಸ್ ಕೊಟ್ಟರೆ ಸಾಕು. ಕಾಲದ ಬೆಲೆಯನ್ನು ದೂರದ ಬೆಲೆಯ ಲೆಕ್ಕಕ್ಕೆ ಬರೆದಿದ್ದರು. ಹೋಗಿ ಬರುವ ಆರು ತಿಂಗಳಲ್ಲಿ ದರ ಏರುಪೇರಾಗಿ ಬ್ಯಾಂಕರನಿಗೆ ನಷ್ಟವಾಗುವ ಸಾಧ್ಯತೆ ನಿಜವಾಗಿಯೂ ಇತ್ತು, ಆಗುತ್ತಲೂ ಇತ್ತು. ಧರ್ಮಶಾಸ್ತ್ರಿಗಳು ಹಿಡಿದುಕೊಂಡದ್ದು ಆ ಸಾಧ್ಯತೆಯನ್ನು: ಲಾಭ ಖಚಿತವಲ್ಲದ ಮೇಲೆ ಅದು ಸಾಲವಲ್ಲ, ವ್ಯಾಪಾರ.

ನಿಷೇಧದಿಂದಾಗಿಯೇ ಬ್ಯಾಂಕು ಅಂತರರಾಷ್ಟ್ರೀಯವಾಯಿತು ಎಂದು ನಾನು ಹೇಳುವುದು ಇದೇ ಕಾರಣಕ್ಕೆ. ಊರೊಳಗೇ ಸಾಲ ಕೊಟ್ಟರೆ ಅದು ಬರಿಗಣ್ಣಿಗೆ ಬಡ್ಡಿಯಾಗಿ ಕಾಣುತ್ತಿತ್ತು. ಅದನ್ನು ವಿನಿಮಯವಾಗಿಸಲು ಇನ್ನೊಂದು ಊರು, ಇನ್ನೊಂದು ನಾಣ್ಯ, ಅಲ್ಲೊಬ್ಬ ನಂಬಿಕಸ್ಥ ಪ್ರತಿನಿಧಿ ಬೇಕಿತ್ತು. ಚೌಕದಲ್ಲಿ ಬೆಂಚು ಹಾಕಿಕೊಂಡು ನಾಣ್ಯ ಬದಲಿಸುತ್ತಿದ್ದವರಿಂದ ‘ಬ್ಯಾಂಕು’ ಎಂಬ ಹೆಸರು ಬಂತು. ಆ ಬೆಂಚಿನಿಂದ ಮೇಲೆದ್ದು ಬ್ರೂಜ್, ಲಂಡನ್, ಅವಿನ್ಯೋನ್‌ಗಳವರೆಗೆ ಕೈಚಾಚಲು ಶಕ್ತರಾದವರು ಕೆಲವೇ ಮನೆತನಗಳು.

ಅವರ ಅತಿದೊಡ್ಡ ಗಿರಾಕಿ ಯಾರು? ಬಡ್ಡಿಯನ್ನು ನಿಷೇಧಿಸಿದ ಚರ್ಚೇ. ಯುರೋಪಿನ ಮೂಲೆಮೂಲೆಯಿಂದ ಪೋಪನ ಬೊಕ್ಕಸಕ್ಕೆ ಬರಬೇಕಾದ ಕಾಣಿಕೆ, ತೆರಿಗೆಗಳನ್ನು ನಾಣ್ಯದ ಚೀಲಗಳಲ್ಲಿ ಆಲ್ಪ್ಸ್ ದಾಟಿಸುವ ಬದಲು ಇಟಲಿಯ ಕಂಪನಿಗಳ ಪತ್ರಗಳ ಮೂಲಕ ತರಿಸಲಾಗುತ್ತಿತ್ತು. 1397ರಲ್ಲಿ ಜೊವಾನಿ ದಿ ಬಿಚ್ಚಿ ಫ್ಲಾರೆನ್ಸಿನಲ್ಲಿ ಸ್ಥಾಪಿಸಿದ ಮೆಡಿಚಿ ಬ್ಯಾಂಕಿನ ಏಳಿಗೆಗೆ ಪೋಪನ ಖಜಾನೆಯ ಕೆಲಸವೇ ಮುಖ್ಯ ಕಾರಣ. ಅಲ್ಲಿ ಹಣ ಇಟ್ಟವರಲ್ಲಿ ಕಾರ್ಡಿನಲ್‌ಗಳೂ ಇದ್ದರು. ಅವರಿಗೆ ಬಡ್ಡಿ ಕೊಡುವಂತಿರಲಿಲ್ಲವಾದ್ದರಿಂದ, ವರ್ಷದ ಕೊನೆಗೆ ಬ್ಯಾಂಕು ‘ತನ್ನ ವಿವೇಚನೆಯಂತೆ’ ಒಂದು ಉಡುಗೊರೆ ಕೊಡುತ್ತಿತ್ತು. ಉಡುಗೊರೆ ಕೊಡಲೇಬೇಕೆಂಬ ಕರಾರಿಲ್ಲ. ಕೊಡದಿದ್ದರೆ ಮರುವರ್ಷ ಠೇವಣಿ ಇರುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತು. ಇಷ್ಟಾದರೂ ಮನಸ್ಸಿನ ಕಸಿವಿಸಿ ಪೂರ್ತಿ ಹೋಗಿರಲಿಲ್ಲ. ಜೊವಾನಿಯ ಮಗ ಕೊಸಿಮೊ ಅಪಾರ ಹಣ ಸುರಿದು ಸ್ಯಾನ್ ಮಾರ್ಕೊ ಮಠವನ್ನು ಹೊಸದಾಗಿ ಕಟ್ಟಿಸಿದ್ದರ ಹಿಂದೆ, ತಾನು ಗಳಿಸಿದ್ದರಲ್ಲಿ ಎಲ್ಲವೂ ಶುದ್ಧವಲ್ಲ ಎಂಬ ಅಳುಕಿತ್ತು ಎಂದು ಅವನ ಕಾಲದವರೇ ಬರೆದಿಟ್ಟಿದ್ದಾರೆ.

ಈಗ ಬೀದಿಯ ಇನ್ನೊಂದು ಬದಿಗೆ ಬರೋಣ. ಬೇಕರಿಯವನಿಗೂ ನೇಕಾರನ ಹೆಂಡತಿಗೂ ಲಂಡನ್ನಿನ ಪತ್ರದಿಂದ ಏನೂ ಆಗಬೇಕಾದದ್ದಿಲ್ಲ. ಅವರಿಗೆ ಬೇಕಾದದ್ದು ಮುಂದಿನ ಸಂತೆಯವರೆಗೆ ಕೈಗಡ. ಬ್ರೂಜ್ ನಗರದಲ್ಲಿ ‘ಲಂಬಾರ್ಡ’ರೆಂದು ಕರೆಸಿಕೊಳ್ಳುತ್ತಿದ್ದ ಗಿರವಿ ಅಂಗಡಿಯವರು ಪ್ರಭುವಿಗೆ ಹಣ ತೆತ್ತು ಪರವಾನಗಿ ಪಡೆದು ವ್ಯವಹರಿಸುತ್ತಿದ್ದರು. ಅವರಿಗೆ ಅನುಮತಿಯಿದ್ದ ದರ ಪೌಂಡಿಗೆ ವಾರಕ್ಕೆ 2 ಪೆನ್ಸ್. ಪೌಂಡೆಂದರೆ 240 ಪೆನ್ಸ್. ಲೆಕ್ಕ ಹಾಕಿದರೆ ವರ್ಷಕ್ಕೆ ಶೇ 43ಕ್ಕೂ ಸ್ವಲ್ಪ ಮೇಲೆ. ನಮ್ಮಲ್ಲಿ ಮೀಟರ್ ಬಡ್ಡಿ ಎನ್ನುವುದಕ್ಕೆ ತೀರಾ ದೂರವಲ್ಲ. ಫ್ಲಾರೆನ್ಸಿನ ಆಡಳಿತ ಇನ್ನೂ ಜಾಣತನದ್ದು. ಅದು ಗಿರವಿ ಅಂಗಡಿಯವರಿಗೆ ಪರವಾನಗಿ ಕೊಡಲಿಲ್ಲ. ಬಡ್ಡಿಯ ಪಾಪಕ್ಕಾಗಿ ಅವರೆಲ್ಲರಿಗೂ ಸೇರಿಸಿ ವರ್ಷಕ್ಕೆ 2,000 ಫ್ಲಾರಿನ್ (ಅಲ್ಲಿನ ಚಿನ್ನದ ನಾಣ್ಯ) ದಂಡ ಹಾಕುತ್ತಿತ್ತು. ದಂಡ ಕಟ್ಟಿದ ಮೇಲೆ ಆ ವರ್ಷ ಬೇರೆ ಶಿಕ್ಷೆಯಿಲ್ಲ. ಪರವಾನಗಿ ಶುಲ್ಕಕ್ಕೂ ಬೇರೆ ಹೆಸರಿಡಬಹುದೆಂಬುದನ್ನು ಸರ್ಕಾರವೂ ಕಲಿತಿತ್ತು.

ಮಧ್ಯಯುಗದಲ್ಲಿ ಕ್ರೈಸ್ತರಿಗೆ ಬಡ್ಡಿ ನಿಷಿದ್ಧವಾಗಿದ್ದರಿಂದ ಸಾಲದ ವ್ಯವಹಾರವೆಲ್ಲ ಯಹೂದಿಗಳ ಕೈಯಲ್ಲಿತ್ತು ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ. ಅದು ಅರ್ಧ ಸತ್ಯ, ಅಪಾಯಕಾರಿಯಾದ ಅರ್ಧ. ದೊಡ್ಡ ಹಣವೆಲ್ಲ ಇಟಲಿಯ ಕ್ರೈಸ್ತ ಕಂಪನಿಗಳದು. ಕವಿ ಡಾಂಟೆ ತನ್ನ ನರಕದಲ್ಲಿ ಕೊರಳಿಗೆ ಹಣದ ಚೀಲ ನೇತುಹಾಕಿ ಕೂರಿಸಿದ ಬಡ್ಡಿಕೋರರು ಫ್ಲಾರೆನ್ಸು, ಪಾಡುವಾಗಳ ಕುಲೀನ ಮನೆತನದವರು. ಚೀಲದ ಮೇಲಿನ ವಂಶಲಾಂಛನದಿಂದ ಅವರನ್ನು ಗುರುತಿಸಬಹುದು. ಯಹೂದಿಗಳ ಪಾಲಿಗೆ ಬಂದದ್ದು ಹೆಚ್ಚಾಗಿ ಮರೆಮಾಚಲಾಗದ ಸಾಲ, ಮತ್ತು ಅದರ ಜೊತೆಗೆ ಬರುವ ದ್ವೇಷ. ಇಂಗ್ಲೆಂಡಿನಲ್ಲಿ ಅವರು ಕಾನೂನಿನ ಕಣ್ಣಿಗೆ ರಾಜನ ಸೊತ್ತಿನಂತಿದ್ದರು. 1186ರಲ್ಲಿ ಲಿಂಕನ್ ನಗರದ ಆರನ್ ಎಂಬ ಸಾಹುಕಾರ ಸತ್ತಾಗ ರಾಜ ಅವನ ಆಸ್ತಿಯನ್ನೂ ಅವನಿಗೆ ಬರಬೇಕಾಗಿದ್ದ ಬಾಕಿಗಳನ್ನೂ ವಶಪಡಿಸಿಕೊಂಡ. ಆ ಬಾಕಿ ವಸೂಲಿಗೆಂದೇ ಖಜಾನೆಯಲ್ಲಿ ಪ್ರತ್ಯೇಕ ಶಾಖೆ ತೆರೆಯಬೇಕಾಯಿತು. 1190ರ ಮಾರ್ಚಿನಲ್ಲಿ ಯಾರ್ಕ್ ನಗರದ ಯಹೂದಿಗಳನ್ನು ಕೋಟೆಯಲ್ಲಿ ಮುತ್ತಿ ಹತ್ಯಾಕಾಂಡ ನಡೆಸಿದ ಗುಂಪು ನೇರವಾಗಿ ದೊಡ್ಡ ಇಗರ್ಜಿಗೆ ನಡೆದು, ಅಲ್ಲಿ ಭದ್ರವಾಗಿಟ್ಟಿದ್ದ ಸಾಲಪತ್ರಗಳನ್ನು ತೆಗೆದು ಸುಟ್ಟುಹಾಕಿತು. ಮುಂದಾಳುಗಳಲ್ಲಿ ಸಾಲಗಾರರೂ ಇದ್ದರು. ಅದಕ್ಕೆ ಸರ್ಕಾರದ ಉತ್ತರವೇನೆಂದರೆ, 1194ರಿಂದ ಪ್ರತಿ ಸಾಲಪತ್ರವನ್ನೂ ಜೋಡಿಪ್ರತಿಯಲ್ಲಿ ಬರೆಸಿ ಒಂದನ್ನು ಅಧಿಕೃತ ಪೆಟ್ಟಿಗೆಯಲ್ಲಿಡಬೇಕೆಂಬ ನಿಯಮ. ಕಾಪಾಡಬೇಕಾದದ್ದು ಕಾಗದವೆಂದೇ ರಾಜನ ಕಚೇರಿ ತಿಳಿದಿತ್ತು. 1290ರಲ್ಲಿ ಒಂದನೇ ಎಡ್ವರ್ಡ್ ಯಹೂದಿಗಳನ್ನು ದೇಶದಿಂದಲೇ ಹೊರಹಾಕಿದ.

ಅಷ್ಟು ಹೊತ್ತಿಗೆ ಅವನಿಗೆ ಬೇರೆ ಸಾಲಿಗರು ಸಿಕ್ಕಿದ್ದರು. ಲುಕ್ಕಾದ ರಿಕಾರ್ಡಿ ಕಂಪನಿ ಕೇಳಿದಾಗಲೆಲ್ಲ ಹಣ ಒದಗಿಸುತ್ತಿತ್ತು. ಪ್ರತಿಯಾಗಿ 1275ರಲ್ಲಿ ಜಾರಿಗೆ ಬಂದ ಉಣ್ಣೆಯ ಸುಂಕ ಅವರ ಕೈಗೆ ಬರುತ್ತಿತ್ತು. ರಾಜನಿಗೆ ಕೊಟ್ಟ ಸಾಲದ ಮೇಲೂ ಬಡ್ಡಿ ಬರೆಯುವಂತಿಲ್ಲ. ಆದ್ದರಿಂದ ರಾಜ ‘ಅವರಿಗೆ ಆದ ತೊಂದರೆಗಾಗಿ’ ಉಡುಗೊರೆ ಕೊಡುತ್ತಿದ್ದ. ಅದಕ್ಕಿಂತ ಬೆಲೆಯುಳ್ಳದ್ದು ಉಣ್ಣೆ ರಫ್ತಿನ ಅನುಮತಿ, ಸುಂಕದ ಹಿಡಿತ, ಆಸ್ಥಾನದ ರಕ್ಷಣೆ. ಫ್ಲಾರೆನ್ಸಿನ ಮಗ್ಗಗಳಿಗೆ ಇಂಗ್ಲಿಷ್ ಉಣ್ಣೆ ಬೇಕೇಬೇಕಿತ್ತು. ಹಾಗಾಗಿ ರಾಜನ ಸಾಲವೆಂಬುದು ಒಮ್ಮೆ ಒಳಹೊಕ್ಕರೆ ಹೊರಬರಲಾಗದ ವ್ಯವಹಾರ: ಇನ್ನು ಕೊಡುವುದಿಲ್ಲ ಎಂದರೆ ಹಳೆಯ ಬಾಕಿಯೂ ಹೋಗುತ್ತದೆ, ಉಣ್ಣೆಯೂ ಹೋಗುತ್ತದೆ. ಬಡ್ಡಿ ದರವೊಂದು ಬಹಿರಂಗವಾಗಿದ್ದಿದ್ದರೆ, ಸಾಲಗಾರನ ಅಪಾಯ ಹೆಚ್ಚಿದಂತೆ ಅದೂ ಏರಿ ಎಚ್ಚರಿಕೆ ಕೊಡುತ್ತಿತ್ತು. ಇಲ್ಲಿ ಅಂಥ ಅಂಕಿಯೇ ಇರಲಿಲ್ಲ. ರಿಕಾರ್ಡಿ 1294ರಲ್ಲಿ ಮುಳುಗಿತು. ಅವರ ಜಾಗಕ್ಕೆ ಬಂದ ಫ್ರೆಸ್ಕೊಬಾಲ್ಡಿಗಳನ್ನು 1311ರಲ್ಲಿ ಓಡಿಸಲಾಯಿತು.

ಮೂರನೇ ಎಡ್ವರ್ಡ್ 1337ರಲ್ಲಿ ಫ್ರಾನ್ಸಿನ ಮೇಲೆ ಯುದ್ಧ ಹೂಡಿದಾಗ ಹಣ ಒದಗಿಸಿದವರು ಬಾರ್ಡಿ ಮತ್ತು ಪೆರುಜ್ಜಿ ಕಂಪನಿಗಳು. ಪೆರುಜ್ಜಿ 1343ರಲ್ಲಿ, ಬಾರ್ಡಿ 1346ರಲ್ಲಿ ದಿವಾಳಿಯಾದವು. ರಾಜ ಬಾರ್ಡಿಗೆ 9,00,000 ಫ್ಲಾರಿನ್, ಪೆರುಜ್ಜಿಗೆ 6,00,000 ಫ್ಲಾರಿನ್ ಬಾಕಿ ಇಟ್ಟಿದ್ದನೆಂದು ಫ್ಲಾರೆನ್ಸಿನ ಇತಿಹಾಸಕಾರ ಜೊವಾನಿ ವಿಲ್ಲಾನಿ ಬರೆದಿದ್ದಾನೆ, ಮತ್ತು ಪಠ್ಯಪುಸ್ತಕಗಳು ಆ ಅಂಕಿಯನ್ನು ಹಾಗೆಯೇ ಎತ್ತಿಕೊಂಡಿವೆ. ಆದರೆ ವಿಲ್ಲಾನಿ ತಟಸ್ಥ ಸಾಕ್ಷಿಯಲ್ಲ. ಅವನು ಹಿಂದೊಮ್ಮೆ ಪೆರುಜ್ಜಿಯ ಪಾಲುದಾರ. ಆಮೇಲೆ ಸೇರಿದ ಬುವೊನಾಕೊರ್ಸಿ ಕಂಪನಿಯೂ ದಿವಾಳಿಯಾಗಿ 1346ರಲ್ಲಿ ಜೈಲು ಕಂಡವನು. ಇಂಗ್ಲೆಂಡಿನ ಲೆಕ್ಕಪತ್ರಗಳನ್ನು ಜಾಲಾಡಿದ ಇತ್ತೀಚಿನ ಇತಿಹಾಸಕಾರರು ಆ ಮೊತ್ತ ಅಷ್ಟಿರಲಾರದು ಎನ್ನುತ್ತಾರೆ. ಲುಕ್ಕಾ ನಗರಕ್ಕಾಗಿ ಫ್ಲಾರೆನ್ಸ್ ನಡೆಸಿದ ದುಬಾರಿ ಯುದ್ಧವೂ ಕಂಪನಿಗಳನ್ನು ಹಿಂಡಿತ್ತು. 1342ರಲ್ಲಿ ಫ್ಲಾರೆನ್ಸ್ ಪೋಪ್, ನೇಪಲ್ಸ್‌ಗಳಿದ್ದ ತನ್ನ ಹಳೆಯ ಮಿತ್ರಪಕ್ಷ ಬಿಟ್ಟು ಜರ್ಮನ್ ಚಕ್ರವರ್ತಿಯ ಕಡೆ ವಾಲುತ್ತಿದೆಯೆಂಬ ಸುದ್ದಿ ಹಬ್ಬಿದ್ದೇ ತಡ, ನೇಪಲ್ಸಿನ ಸರದಾರರೂ ಬಿಷಪ್ಪರೂ ತಮ್ಮ ಠೇವಣಿ ವಾಪಸು ಕೇಳಿದರು. ಗುಂಪಾಗಿ ಬಂದ ಠೇವಣಿದಾರರ ಮುಂದೆ ಯಾವ ಬ್ಯಾಂಕೂ ನಿಲ್ಲುವುದಿಲ್ಲ. 2023ರ ಮಾರ್ಚ್ 9ರಂದು ಒಂದೇ ದಿನ 4,200 ಕೋಟಿ ಡಾಲರ್ ಹಿಂತೆಗೆತದ ಬೇಡಿಕೆ ಎದುರಿಸಿದ ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕು ಮರುದಿನ ಬಾಗಿಲು ಹಾಕಿತು.

ಮೆಡಿಚಿಗಳು ಇದರಿಂದ ಒಂದು ಪಾಠ ಕಲಿತಂತಿತ್ತು. ಅವರ ಒಂದೊಂದು ಶಾಖೆಯೂ ಪ್ರತ್ಯೇಕ ಪಾಲುದಾರಿಕೆ. ಒಂದರ ನಷ್ಟ ಇನ್ನೊಂದಕ್ಕೆ ಅಂಟಬಾರದೆಂಬುದು ಏರ್ಪಾಡು. ಲಂಡನ್ ಶಾಖೆ ಕಳಿಸಿದ ಉಣ್ಣೆಯ ಮೂಟೆಗಳು ಸರಿಯಾಗಿ ಕಟ್ಟಿರಲಿಲ್ಲವೆಂದು 1455ರಲ್ಲಿ ಬ್ರೂಜ್ ಶಾಖೆಯ ಮೇಲೆ ದಾವೆ ಬಿದ್ದಾಗ, ಲಂಡನ್ನಿನದು ಬೇರೆ ಕಂಪನಿ ಎಂಬ ವಾದವನ್ನು ನ್ಯಾಯಾಲಯ ಎತ್ತಿಹಿಡಿಯಿತು. ಆದರೂ ರಾಜರ ಮೋಹ ಬಿಡಲಿಲ್ಲ. ಲಂಡನ್ ಶಾಖೆ ನಾಲ್ಕನೇ ಎಡ್ವರ್ಡನಿಗೆ ಸಾಲ ಕೊಟ್ಟು ಬರಿದಾಯಿತು. ಬ್ರೂಜ್ ಶಾಖೆಯ ತೊಮ್ಮಾಸೊ ಪೋರ್ತಿನಾರಿ ಬರ್ಗಂಡಿಯ ದಿಟ್ಟ ಚಾರ್ಲ್ಸನಿಗೆ ಕೊಟ್ಟ ಸಾಲ, ಆ ಪ್ರಭು 1477ರಲ್ಲಿ ನ್ಯಾನ್ಸಿಯ ರಣರಂಗದಲ್ಲಿ ಸತ್ತಾಗ ವಸೂಲಾಗದೆ ಉಳಿಯಿತು. 1494ರಲ್ಲಿ ಮೆಡಿಚಿಗಳು ಫ್ಲಾರೆನ್ಸಿನಿಂದ ಉಚ್ಚಾಟಿತರಾಗುವುದರೊಂದಿಗೆ ಬ್ಯಾಂಕೂ ಮುಗಿಯಿತು.

ಬಡ್ಡಿಯನ್ನು ಬಹಿರಂಗವಾಗಿ, ದರ ಹೇಳಿ ತೆಗೆದುಕೊಳ್ಳುವ ಮೊದಲ ಗೌರವಾನ್ವಿತ ಸಂಸ್ಥೆ ಬಂದದ್ದು ಬ್ಯಾಂಕರುಗಳಿಂದಲ್ಲ, ಬಡತನದ ವ್ರತ ತೊಟ್ಟ ಫ್ರಾನ್ಸಿಸ್ಕನ್ ಸನ್ಯಾಸಿಗಳಿಂದ. 1462ರಲ್ಲಿ ಪೆರುಜಾದಲ್ಲಿ ಅವರ ಪ್ರೇರಣೆಯಿಂದ ‘ಮೊಂತೆ ದಿ ಪಿಯೆತಾ’ ಎಂಬ ಗಿರವಿ ಸಂಸ್ಥೆ ಆರಂಭವಾಯಿತು. ಗುಮಾಸ್ತರ ಸಂಬಳಕ್ಕೂ ಗೋದಾಮಿನ ಬಾಡಿಗೆಗೂ ಸಾಕಾಗುವಷ್ಟು ಮಾತ್ರ ಬಡವರಿಂದ ಪಡೆಯುವುದು ಇಂಥ ಸಂಸ್ಥೆಗಳ ಉದ್ದೇಶವಾಗಿತ್ತು. ಅದರ ಪ್ರಚಾರಕ್ಕೆ ನಿಂತ ಉಪದೇಶಕರ ಭಾಷಣಗಳಲ್ಲಿ ಯಹೂದಿ ಸಾಲಿಗರ ವಿರುದ್ಧದ ವಿಷವೂ ಧಾರಾಳವಾಗಿತ್ತೆಂಬುದನ್ನು ಮುಚ್ಚಿಡಬೇಕಾಗಿಲ್ಲ. 1472ರಲ್ಲಿ ಸಿಯೆನಾದಲ್ಲಿ ತೆರೆದ ಇಂಥದೇ ಸಂಸ್ಥೆ ಬೆಳೆದು ಮೊಂತೆ ದೈ ಪಾಸ್ಕಿ ಬ್ಯಾಂಕಾಗಿದೆ. 2017ರಲ್ಲಿ ಇಟಲಿ ಸರ್ಕಾರ ಅದನ್ನು ತೆರಿಗೆದಾರರ ದುಡ್ಡಿನಿಂದ ಬದುಕಿಸಿಕೊಂಡಿತು.

ಇನ್ನೊಂದು ಸನ್ಯಾಸಿ ಪಂಥವಾದ ಡೊಮಿನಿಕನ್ನರ ಪಂಡಿತರು ಇದನ್ನು ಒಪ್ಪಲಿಲ್ಲ. ವಿನಿಮಯ ಪತ್ರದ ವಿಚಾರದಲ್ಲಿ ಅಷ್ಟೆಲ್ಲ ಸೂಕ್ಷ್ಮ ವಿನಾಯಿತಿಗಳು ಹುಟ್ಟಿದ್ದ ಸಮಾಜದಲ್ಲಿ ಬಡವನ ಗಿರವಿಯ ಮೇಲಿನ ಕಾಸು ಪಾಪವೇ ಅಲ್ಲವೇ ಎಂಬ ಜಗಳ ಅರ್ಧ ಶತಮಾನ ನಡೆಯಿತು. 1515ರ ಮೇ 4ರಂದು ಐದನೇ ಲ್ಯಾಟರನ್ ಮಹಾಸಭೆಯಲ್ಲಿ ಪೋಪ್ ಹತ್ತನೇ ಲಿಯೊ, ಮೊಂತೆಗಳು ಖರ್ಚಿನ ಬಾಬ್ತು ಪಡೆಯುವ ಹಣ ಬಡ್ಡಿಯಲ್ಲವೆಂದು ಘೋಷಿಸಿ ಅದನ್ನು ಮುಗಿಸಿದ. ಲಿಯೊ ಮೆಡಿಚಿ ಮನೆತನದವನು, ಬ್ಯಾಂಕು ಮುಳುಗಿದ ಕಾಲದಲ್ಲಿ ಹದಿಹರೆಯದ ಕಾರ್ಡಿನಲ್ ಆಗಿದ್ದವನು.

1545ರಲ್ಲಿ ಇಂಗ್ಲೆಂಡಿನ ಎಂಟನೇ ಹೆನ್ರಿ ಶೇ 10ರವರೆಗಿನ ಬಡ್ಡಿಗೆ ಕಾನೂನಿನ ರಕ್ಷಣೆ ಕೊಟ್ಟ. 1552ರಲ್ಲಿ ಅದು ರದ್ದಾಗಿ, 1571ರಲ್ಲಿ ಒಂದನೇ ಎಲಿಜಬೆತಳ ಕಾಲದಲ್ಲಿ ಮರಳಿ ಬಂತು. ಅದೇ 1571ರಲ್ಲಿ ರೋಮಿನಲ್ಲಿ ಪೋಪ್ ಐದನೇ ಪಯಸ್, ನಿಜವಾದ ಸರಕಾಗಲಿ ಪಾವತಿಯಾಗಲಿ ಇಲ್ಲದೆ ಬರಿಯ ಕಾಗದದ ಮೇಲೆ ಹೋಗಿ ಬರುವ ‘ಒಣ ವಿನಿಮಯ’ವನ್ನು ಖಂಡಿಸಿದ. ಕೆಲವೇ ವರ್ಷಗಳಲ್ಲಿ ಜಿನೋವಾದ ಹಣಗಾರರು ಪಿಯಾಚೆಂಜಾ ಊರಿಗೆ ತಮ್ಮ ಜಾತ್ರೆಯನ್ನು ತಂದುಕೊಂಡರು. ವರ್ಷಕ್ಕೆ ನಾಲ್ಕು ಬಾರಿ ಕೂಡುತ್ತಿದ್ದ ಆ ಜಾತ್ರೆಯಲ್ಲಿ ಬಟ್ಟೆಯಿಲ್ಲ, ಸಾಂಬಾರ ಪದಾರ್ಥವಿಲ್ಲ, ಒಂದು ಮೂಟೆ ಉಣ್ಣೆಯೂ ಇಲ್ಲ. ಸುಮಾರು ಅರವತ್ತು ಮಂದಿ ಬ್ಯಾಂಕರುಗಳು ಲೆಕ್ಕದ ಪುಸ್ತಕ ಹಿಡಿದು ಕುಳಿತು ಪತ್ರಕ್ಕೆ ಪತ್ರ ವಜಾ ಮಾಡಿ, ಉಳಿದ ಬಾಕಿಯನ್ನು ಮುಂದಿನ ಜಾತ್ರೆಗೆ, ಅಂದಿನ ವಿನಿಮಯ ದರದಲ್ಲಿ, ಬರೆದುಕೊಳ್ಳುತ್ತಿದ್ದರು.